ಬಾಗಿಲು ಉಂಟು

ಗೇರುಬೀಜ ಕತ್ತರಿಸುವವರ ಬೆರಳಲ್ಲಿ ಗೆರೆ ಉಳಿಯುವುದಿಲ್ಲ. ಸಿಪ್ಪೆಯ ಎಣ್ಣೆ ತಿಂದುಬಿಡುತ್ತದೆ. ಜುಲೈಕಾಳ ಬೆರಳು ಹತ್ತೊಂಬತ್ತು ವರ್ಷದಿಂದ ಕಪ್ಪು. ಕೈಗೆ ಬೂದಿ ಹಚ್ಚಬೇಕು, ಕಾಲಲ್ಲಿ ಪೆಡಲ್ ತುಳಿಯಬೇಕು, ಒಂದೊಂದೇ ಬೀಜ ಹೋಳು ಮಾಡಬೇಕು. ಮಾಣಿಯಿಂದ ವಿಟ್ಲಕ್ಕೆ ಹೋಗುವ ದಾರಿಯ ಆ ಶೆಡ್ಡಿನಲ್ಲಿ ಅಂಥ ಎಂಬತ್ತು ಹೆಂಗಸರು. ಅರ್ಧ ಊರಿನವರು, ಅರ್ಧ ಜಾರ್ಖಂಡಿನಿಂದ ಬಂದ ಹುಡುಗಿಯರು. ಶೆಡ್ಡಿಗೆ ಎರಡು ಬಾಗಿಲು. ಹಿಂದಿನದಕ್ಕೆ ಯಾವತ್ತೂ ಬೀಗ. ಹೆಂಗಸರು ಬೀಜ ಕದ್ದು ಸೆರಗಿನಲ್ಲಿ ಕಟ್ಟಿಕೊಂಡು ಹೋಗುತ್ತಾರಂತೆ.

ಕಳೆದ ಮಂಗಳವಾರ ಮುಂದಿನ ಬಾಗಿಲ ಬಳಿ ಬಾಯ್ಲರಿಗೆಂದು ರಾಶಿ ಹಾಕಿದ್ದ ಸಿಪ್ಪೆಗೆ ಬೆಂಕಿ ಹಿಡಿಯಿತು. ಹೊಗೆ ಒಳಗೆ ನುಗ್ಗಿತು. ಎಲ್ಲರೂ ಹಿಂದಕ್ಕೆ ಓಡಿದರು. ಬೀಗ. ಕೀಲಿ ಸೂಪರ್‌ವೈಸರ್ ಮಹೇಶ್ವರನ ಕಿಸೆಯಲ್ಲಿ, ಮಹೇಶ್ವರ ಚಹಾದ ಹೋಟೆಲಿನಲ್ಲಿ. ಅವನು ಬರುವಷ್ಟರಲ್ಲಿ ಜುಲೈಕಾಳ ಮಗಳು ಸಜ್ನಾ ಬಾಗಿಲ ಬುಡದಲ್ಲಿ ಬಿದ್ದಿದ್ದಳು. ಮೂರು ದಿನ ಆಸ್ಪತ್ರೆ. ನಾಲ್ಕನೇ ದಿನ ಕೆಮ್ಮುತ್ತಲೇ ಬಂದು ಉಮ್ಮ ಜುಲೈಕಾಳ ಪಕ್ಕದ ಮೆಷಿನಿಗೆ ಕೂತಳು. ಬೀಗ ಹಾಗೇ ಇತ್ತು. ಜುಲೈಕಾಳಿಗೆ ಸಿಟ್ಟೂ ಬರಲಿಲ್ಲ, ಅಳುವೂ ಬರಲಿಲ್ಲ. ಪೆಡಲ್ ತುಳಿದಳು.

ಇಲ್ಲಿಯ ಬೀಜ ಹೋಗುವುದು ಅಮೆರಿಕಕ್ಕೆ. ಕೊಳ್ಳುವ ಕಂಪನಿಯ ಪರವಾಗಿ ತಪಾಸಣೆಗೆ ನವ್ಯಶ್ರೀ ಎಂಬ ಮೇಡಂ ಬಂದಳು. ಆ ಬೆಳಿಗ್ಗೆ ಬೀಗ ಬಾಗಿಲು ಬಿಟ್ಟು ಮಹೇಶ್ವರನ ಕಿಸೆ ಸೇರಿತ್ತು. ಮೇಡಂ ಮೆಷಿನು ನಿಲ್ಲಿಸಲು ಹೇಳಿ ಪ್ರೊಜೆಕ್ಟರ್ ಹಚ್ಚಿ ಗೋಡೆಯ ಮೇಲೆ ಒಂದು ಹಳೇ ಫೋಟೋ ತೋರಿಸಿದಳು.

“ಇದು ನ್ಯೂಯಾರ್ಕ್. ಸಾವಿರದ ಒಂಬೈನೂರ ಹನ್ನೊಂದನೇ ಇಸವಿ. ಹೊಲಿಗೆ ಫ್ಯಾಕ್ಟ್ರಿಗೆ ಬೆಂಕಿ ಬಿದ್ದು ನೂರ ನಲವತ್ತಾರು ಜನ ಸತ್ತರು. ಹೆಚ್ಚಿನವರು ಹಡಗು ಹತ್ತಿ ಬೇರೆ ದೇಶದಿಂದ ಕೆಲಸಕ್ಕೆ ಬಂದ ಹುಡುಗಿಯರು.”

“ಓಡ್ಲಿಕ್ಕೆ ಬಾಗಿಲು ಇರ್ಲಿಲ್ವಾ ಮೇಡಂ?” ಸಜ್ನಾ ಕೇಳಿದಳು.

“ಇತ್ತು. ಬೀಗ ಹಾಕಿದ್ರು, ಕದೀತಾರೆ ಅಂತ. ಆಮೇಲೆ ಅಲ್ಲಿ ಕಾನೂನು ಬಂತು.”

ಜಾರ್ಖಂಡಿನ ಹುಡುಗಿಯರಿಗೆ ಕನ್ನಡ ಬಾರದು. ಜುಲೈಕಾ ಬರೀ ಕೈಯಲ್ಲಿ ಬೀಗ ತಿರುಗಿಸಿ, ಕೀಲಿ ಕಿಸೆಗೆ ಹಾಕಿದಂತೆ ಮಾಡಿ ತೋರಿಸಿದಳು. ಅವರಿಗೆ ತಿಳಿಯಿತು.

“ನಮ್ಮ ಧಣಿಗಳ ಅಜ್ಜನ ಫ್ಯಾಕ್ಟ್ರಿಯೋ ಏನೋ ಅದು,” ಹಿಂದಿನ ಸಾಲಿನ ಕಾಂತಿ ಎಂದಳು.

ಮೇಡಂ ಫಾರಂ ತೆಗೆದಳು. “ಇಲ್ಲಿ ತುರ್ತು ಬಾಗಿಲು ಉಂಟಾ?”

“ಉಂಟು ಉಂಟು,” ಮಹೇಶ್ವರ ಎಂದ.

“ನಿಮ್ಮನ್ನಲ್ಲ. ಅಕ್ಕಾ, ನೀವು ಹೇಳಿ.”

“ಬಾಗಿಲು ಉಂಟು,” ಜುಲೈಕಾ ಎಂದಳು. “ತೆರೀಲಿಕ್ಕೆ ಇಲ್ಲ. ಹೋದ ಮಂಗಳವಾರ ನನ್ನ ಮಗಳು ಅದರ ಬುಡದಲ್ಲೇ ಬಿದ್ದಿದ್ಲು.”

ಪೆನ್ನು ನಿಂತಿತು. “ಇದರಲ್ಲಿ ‘ಉಂಟು’, ‘ಇಲ್ಲ’, ಎರಡೇ ಇರೋದು ಅಕ್ಕಾ.”

ಮಹೇಶ್ವರ ಹೋಗಿ ಬಾಗಿಲು ದೂಡಿದ. “ನೋಡಿ ಮೇಡಂ, ತೆರೀತದಲ್ಲ. ಇವರದ್ದು ಯಾವಾಗ್ಲೂ ಇದೇ ಮಾರಾಯ್ರೆ.”

ಬಿಸಿಲು ಒಳಗೆ ಬಿತ್ತು. ಮೇಡಂ ‘ಉಂಟು’ ಎಂಬಲ್ಲಿ ಗುರುತು ಹಾಕಿದಳು.

ಜುಲೈಕಾ ಎದ್ದಳು. ಸಜ್ನಾಳ ಕೈ ಹಿಡಿದು ಆ ಬಾಗಿಲಿನಿಂದ ಹೊರಗೆ ನಡೆದಳು.

“ಎಲ್ಲಿಗೆ ಜುಲೈಕಾ?”

“ತೆರೆದು ಉಂಟಲ್ಲ ಮಹೇಶಣ್ಣ. ಹೊರಗೆ ಕೂರುವ ಅಂತ.”

ಕಾಂತಿ ಎದ್ದಳು. ಜಾರ್ಖಂಡಿನ ಹುಡುಗಿಯರು ಎದ್ದರು. ಸಾಲು ಸಾಲಾಗಿ ಶೆಡ್ಡು ಖಾಲಿಯಾಯಿತು.

“ಮೇಡಂ ಎದುರು ಮರ್ಯಾದೆ ತೆಗೀಬೇಡಿ. ಒಳಗೆ ಬನ್ನಿ.”

“ಆ ಬೀಗ ನಮ್ಮ ಕೈಗೆ ಕೊಡಿ. ಬರ್ತೇವೆ,” ಜುಲೈಕಾ ಎಂದಳು.

ಮಹೇಶ್ವರನ ಕೈ ಕಿಸೆಯ ಮೇಲೆ ಹೋಯಿತು. ಅಲ್ಲೇ ನಿಂತಿತು. ಮೇಡಂ ಕಾರು ಹತ್ತಿ ಹೋದಳು. ಧಣಿಗಳ ಫೋನು ಬಂತು, ನಾಳೆಯಿಂದ ಯಾರೂ ಬರುವುದು ಬೇಡವಂತೆ. ಮಧ್ಯಾಹ್ನ ಊಟದ ಗಂಟೆ ಹೊಡೆಯಿತು. ಹೊರಗೆ ಕೂತ ಎಂಬತ್ತು ಹೆಂಗಸರಲ್ಲಿ ಒಬ್ಬಳೂ ಏಳಲಿಲ್ಲ. ಜುಲೈಕಾಳಿಗೆ ಆಗಲೂ ಏನೂ ಅನಿಸಲಿಲ್ಲ. ಮಗಳು ಕೆಮ್ಮಿದಾಗ ಬೆನ್ನು ನೀವಿದಳು, ಮತ್ತೆ ಮಹೇಶ್ವರನ ಕಿಸೆಯನ್ನೇ ನೋಡುತ್ತ ಕೂತಳು.