ಮನೆ ಕಾಯಲು ಒಬ್ಬರು

“ಹಗ್ಗ ಇನ್ನೊಂಚೂರು ಆ ಕಡೆ ಎಳೀರ್ಲಾ, ಕ್ಯಾಮೆರಾಗೆ ಅಡ್ಡ ಬತ್ತದೆ.”

ಶಾಮಿಯಾನ ಕಟ್ಟುತ್ತಿದ್ದವರು ಕೈ ನಿಲ್ಲಿಸಿ ಕೃಷ್ಣಪ್ಪನವರ ಮುಖ ನೋಡಿದರು. ತಾವೇನು ಅಂದೆವೆಂದು ಅವರಿಗೆ ಹೊಳೆದದ್ದು ಆಗಲೇ. ಜಗಲಿಯ ಮೇಲೆ ಅಕ್ಕ ಕಮಲಾಕ್ಷಮ್ಮನನ್ನು ಮಲಗಿಸಿದ್ದರು. ಇವರಿಗೆ ಕಳ್ಳರಿಗೆಂದು ಹಾಕಿಸಿದ ಕ್ಯಾಮೆರಾದ ಚಿಂತೆ. ಅಭ್ಯಾಸದ ಮಾತು, ಬಾಯಿಗೆ ಬಂದುಬಿಟ್ಟಿತ್ತು. “ಎಂಗಾರ ಕಟ್ಕಳಿ” ಎಂದು ಟವೆಲಿನಲ್ಲಿ ಮುಖ ಒರೆಸಿಕೊಂಡು ಒಳಗೆ ಹೋದರು.

ಜಗಲಿಯಲ್ಲಿ ಹೆಂಗಸರು ಹೆಣದ ಸುತ್ತ ಕೂತಿದ್ದರು. ಪಕ್ಕದ ಮನೆಯ ಪ್ರೇಮಕುಮಾರಿ ಮೂಗು ಒರೆಸಿಕೊಳ್ಳುತ್ತ, “ನಾವು ತಿರುಪ್ತಿಗೆ ಓದಾಗ್ಲೂ ಬೀಗದ ಕೈ ಇವರತ್ರಾನೇ ಕೊಟ್ಟೋಗಿದ್ದು. ಬೀದಿಗೆಲ್ಲಾ ಇವರೇ ಕಾವಲು” ಅಂದಳು.

“ಆದ್ರೂ ಒಂದು ಮದ್ವೇಲಾದ್ರೂ ಇವಳ ಮುಖ ನೋಡಿದ ಗ್ಯಾಪ್ಕ ಇಲ್ಲ ಕಣವ್ವಾ ನಂಗೆ” ಎಂದು ಅರಕಲಗೂಡಿನಿಂದ ಬಂದಿದ್ದ ಮುದುಕಿಯೊಬ್ಬಳು ರಾಗ ತೆಗೆದಳು.

“ಎಲ್ಲಿ ಬಂದಾರು? ಮನೆ ಅಂದ್ರೆ ಅಷ್ಟು ಪ್ರಾಣ. ಬಿಟ್ಟು ಕದಲ್ತಿರ್ಲಿಲ್ಲ” ಅಂದಳು ಪ್ರೇಮಕುಮಾರಿ.

ಹೆಣದ ತಲೆಯ ಕಡೆ ಕೂತಿದ್ದ ಜಯಲಕ್ಷ್ಮಮ್ಮ, ಕೃಷ್ಣಪ್ಪನವರ ಹೆಂಡತಿ, ಈ ಮಾತನ್ನು ಕೇಳಿಸಿಕೊಂಡರು. ಅತ್ತಿಗೆಯ ಹಣೆಯ ಮೇಲೆ ಕೂರುತ್ತಿದ್ದ ನೊಣವನ್ನು ಸೆರಗಿನಿಂದ ಓಡಿಸುತ್ತಲೇ ಇದ್ದರು.

*

ಮದುವೆಯಾದ ಮೂರನೇ ವರ್ಷಕ್ಕೆ ಗಂಡ ತೀರಿಹೋಗಿ ಕಮಲಾಕ್ಷಮ್ಮ ತಮ್ಮನ ಮನೆಗೆ ಬಂದವರು. ಹೊಳೆನರಸೀಪುರದ ಪೇಟೆಯಲ್ಲಿ ಕೃಷ್ಣಪ್ಪನವರ ಬಟ್ಟೆ ಅಂಗಡಿ, ಹಿಂದಿನ ಬೀದಿಯಲ್ಲಿ ಮನೆ. ಮದುವೆಗೆಂದು ಎಲ್ಲರೂ ಹೋದ ಮನೆಗಳಿಗೇ ಕಳ್ಳರು ನುಗ್ಗುತ್ತಿದ್ದದ್ದು ಸುಳ್ಳಲ್ಲ. ಆದರೆ ಒಬ್ಬರು ಮನೆಯಲ್ಲೇ ಉಳಿಯುವುದರಿಂದ ಇನ್ನೊಂದು ಅನುಕೂಲವೂ ಇತ್ತು. ಧಾರೆಯ ಹೊತ್ತಿಗೆ ವಿಧವೆ ಎದುರಿಗೆ ನಿಲ್ಲಬಾರದೆಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. “ಮನೆ ಕಾಯೋಕೆ ಒಬ್ರಾದ್ರೂ ಬ್ಯಾಡ್ವಾ ಅಕ್ಕ?” ಅಂದರೆ ಮುಗಿಯಿತು. ಕಮಲಾಕ್ಷಮ್ಮನೂ “ಅದ್ಸರಿ ಅದ್ಸರಿ, ಓಗ್ಬನ್ನಿ” ಎಂದು ಬಾಗಿಲವರೆಗೆ ಬಂದು ಕಳಿಸುತ್ತಿದ್ದರು.

ಅಂಗಡಿಯಲ್ಲಿ ರೇಷ್ಮೆ ಸೀರೆಗಳು ಕಾಣೆಯಾಗತೊಡಗಿದಾಗ ಹಾಸನದ ಷಡಕ್ಷರಿ ಬಂದು ಕ್ಯಾಮೆರಾ ಕೂರಿಸಿದ. ಗಿರಾಕಿಗಳ ಸೋಗಿನಲ್ಲಿ ಬರುತ್ತಿದ್ದ ಇಬ್ಬರು ಹದಿನೈದು ದಿನದೊಳಗೆ ಸಿಕ್ಕಿಬಿದ್ದರು. ಅನುಮಾನದಿಂದ ಕೆಲಸದವರ ಚೀಲ ತಡಕುವುದೂ ಆಮೇಲೆ ನಿಂತಿತು. ಆ ಖುಷಿಗೆ ಕೃಷ್ಣಪ್ಪ ಮನೆಯ ಜಗಲಿಗೂ ಒಂದು ಹಾಕಿಸಿದರು.

“ಇದು ನಿದ್ದೆ ಮಾಡಕಿಲ್ವಾ?” ಕಮಲಾಕ್ಷಮ್ಮ ಕೇಳಿದರು.

“ಇಲ್ಲ ಕಣಮ್ಮ. ಹಗಲೂ ರಾತ್ರಿ ನೋಡ್ತಾನೇ ಇರ್ತದೆ. ನೋಡಿದ್ದೆಲ್ಲಾ ಇಟ್ಕೊಂಡಿರ್ತದೆ” ಅಂದ ಷಡಕ್ಷರಿ.

“ಅಂಗಾರೆ ಇನ್ಮೇಲೆ ನಂಗೆ ರಜ” ಎಂದು ಅವರು ನಕ್ಕದ್ದು ಬೀದಿಗೆಲ್ಲ ಕೇಳಿಸಿತ್ತು.

ಆ ವರ್ಷವೇ ಕೃಷ್ಣಪ್ಪನವರ ಮಗಳು ಸ್ಪಂದನಾಳ ಮದುವೆ, ಚನ್ನರಾಯಪಟ್ಟಣದ ಛತ್ರದಲ್ಲಿ. ಹುಟ್ಟಿದಾಗಿನಿಂದ ಅತ್ತೆಯ ಮಗ್ಗುಲಲ್ಲೇ ಮಲಗಿ ಬೆಳೆದ ಹುಡುಗಿ. ಹೊರಡುವ ಹಿಂದಿನ ದಿನ ಕಮಲಾಕ್ಷಮ್ಮ ಹಸಿರಂಚಿನ ಹೊಸ ಸೀರೆ ಹಿಡಿದುಕೊಂಡು ಬಂದರು.

“ಜಯಾ, ಈ ಸಲ ನಾನೂ ಬತ್ತೀನಿ. ಎಂಗೂ ಕ್ಯಾಮೆರಾ ಐತಲ್ಲ.”

ಪೆಟ್ಟಿಗೆಗೆ ಬಟ್ಟೆ ತುಂಬುತ್ತಿದ್ದ ಜಯಲಕ್ಷ್ಮಮ್ಮನ ಕೈ ನಿಂತಿತು. ಬೀಗರು ಏನಂದಾರು, ಮಗಳಿಗೆ ಏನಾದೀತು ಎಂದು ಭಯವಾಯಿತು.

“ಕರೆಂಟ್ ಓದ್ರೆ ಅದು ಕುರುಡು ಕಣಕ್ಕ. ಮನೇಲಿ ಒಡವೆ ಬೇರೆ ಐತೆ...”

“ಊಂ. ಅದೂ ಸರೀನೇ” ಎಂದು ಕಮಲಾಕ್ಷಮ್ಮ ಸೀರೆಯನ್ನು ಕಂಕುಳಲ್ಲಿಟ್ಟುಕೊಂಡು ಹೋದರು.

*

ಹಳೇಕೋಟೆಯ ಹೊಲದಲ್ಲಿ ಗುಂಡಿ ತೋಡಿಯಾಗಿತ್ತು. ಚಟ್ಟವನ್ನು ಟೆಂಪೋಗೆ ಏರಿಸಿದರು. ಹೆಂಗಸರು, ಮಕ್ಕಳು ಹಿಂದಿನ ವ್ಯಾನು ಹತ್ತಿದರು. ಜಯಲಕ್ಷ್ಮಮ್ಮ ಮಾತ್ರ ಜಗಲಿ ಇಳಿಯಲಿಲ್ಲ.

“ಬಾರೇ, ಒತ್ತಾಯ್ತು” ಕೃಷ್ಣಪ್ಪ ಕರೆದರು.

“ನೀವೆಲ್ಲಾ ಓಗ್ಬನ್ನಿ. ಮನೆ ಕಾಯೋಕೆ ಒಬ್ರಾದ್ರೂ ಬ್ಯಾಡ್ವಾ?”

“ತಲೆ ಕೆಟ್ಟೈತಾ ನಿಂಗೆ? ಅಕ್ಕನಿಗೆ ಒಂದಿಡಿ ಮಣ್ಣಾಕ್ದೆ ಇಲ್ಲೇನ್ ಮಾಡೀಯೆ? ಕ್ಯಾಮೆರಾ ಐತಲ್ಲ!”

“ಅವತ್ತೂ ಇತ್ತು.”

ಕೃಷ್ಣಪ್ಪ ಹೋಗಿ ಟೆಂಪೋ ಹತ್ತಿದರು. ವ್ಯಾನಿನ ಕಿಟಕಿಯಿಂದ ಸ್ಪಂದನಾ ಅಮ್ಮನನ್ನೇ ನೋಡುತ್ತಿದ್ದಳು. ಧಾರೆಗೆ ಮುಂಚೆ ಅವಳು, “ಅತ್ತೆ ಯಾಕಮ್ಮ ಬರ್ಲಿಲ್ಲ?” ಎಂದು ಕೇಳಿದ್ದಳು. “ಎಷ್ಟು ಕರೆದ್ರೂ ಮನೆ ಬಿಟ್ಟು ಬರಕಿಲ್ಲ ಅಂದ್ಬುಟ್ರು” ಎಂದು ಜಯಲಕ್ಷ್ಮಮ್ಮ ಸುಳ್ಳು ಹೇಳಿದ್ದರು.

*

ಮದುವೆ ಮುಗಿಸಿ ಬಂದ ಮಾರನೆಯ ದಿನ ಮಗ ಅಭಿಷೇಕ್ ಟಿ.ವಿ. ಮುಂದೆ ಅಮ್ಮನನ್ನು ಕೂರಿಸಿಕೊಂಡ. “ನಾವಿಲ್ದಾಗ ಯಾರ್ಯಾರ್ ಬಂದಿದ್ರು ಎಲ್ಲಾ ತೋರಿಸ್ತದೆ, ನೋಡಮ್ಮ.”

ಹಾಲಿನವನು ಬಂದ. ನಾಯಿಯೊಂದು ಮೂಸಿ ಹೋಯಿತು. ಧಾರೆಯ ಹೊತ್ತಿಗೆ ಬಾಗಿಲು ತೆರೆದುಕೊಂಡು ಕಮಲಾಕ್ಷಮ್ಮ ಹೊರಗೆ ಬಂದರು. ಮೈಮೇಲೆ ಆ ಹೊಸ ಸೀರೆ. ಎರಡು ಸಲ ತಿರುಗಿ ಒಳಗಿನ ಗಡಿಯಾರ ನೋಡಿದರು. ಆಮೇಲೆ ಚನ್ನರಾಯಪಟ್ಟಣದ ರಸ್ತೆಯ ಕಡೆ ತಿರುಗಿ ಕೈ ಬೀಸಿ ಏನನ್ನೋ ಎರಚಿದರು. ಎರಚಿದ್ದು ಟಿ.ವಿ.ಯಲ್ಲಿ ಕಾಣಲಿಲ್ಲ, ಚಾಚಿದ ಬರಿಗೈ ಮಾತ್ರ ಕಂಡಿತು. ಆದರೆ ಬೆಳಗ್ಗೆ ಮೆಟ್ಟಿಲು ಗುಡಿಸುವಾಗ ಅರಿಶಿನ ಹಚ್ಚಿದ ಅಕ್ಕಿಕಾಳು ಜಯಲಕ್ಷ್ಮಮ್ಮನ ಪೊರಕೆಗೆ ಸಿಕ್ಕಿದ್ದವು.

“ಆರಿಸ್ಲಾ ಅದನ್ನ” ಅಂದರು.

ಅಡುಗೆಮನೆಯಿಂದ ಕಮಲಾಕ್ಷಮ್ಮ ಕೇಳುತ್ತಿದ್ದರು: “ಜಯಾ, ಧಾರೆ ಚೆನ್ನಾಗಾಯ್ತಾ? ಮಗಳು ಅತ್ಲಾ?”

ಅಭಿಷೇಕನ ಮದುವೆಗೆ ಇವರನ್ನು ಮುಂದೆ ನಿಲ್ಲಿಸಿಯೇ ತೀರಬೇಕು ಎಂದು ಅವತ್ತೇ ಜಯಲಕ್ಷ್ಮಮ್ಮ ನಿಶ್ಚಯಿಸಿದರು. ಅಭಿಷೇಕನಿಗೆ ಇನ್ನೂ ಹೆಣ್ಣು ನೋಡುತ್ತಿರುವಾಗಲೇ ಕಮಲಾಕ್ಷಮ್ಮ ತೀರಿಕೊಂಡರು.

*

ವಾಹನಗಳು ತಿರುವಿನಲ್ಲಿ ಮರೆಯಾದವು. ಜಯಲಕ್ಷ್ಮಮ್ಮ ಜಗಲಿ ತೊಳೆದರು, ಹೆಣ ಮಲಗಿಸಿದ್ದ ಜಾಗದಲ್ಲಿ ದೀಪ ಹಚ್ಚಿಟ್ಟು ಪಕ್ಕದಲ್ಲಿ ಕೂತರು. ಎಲ್ಲರೂ ಹೋದಮೇಲೆ ಮನೆ ಇಷ್ಟು ದೊಡ್ಡದಾಗುತ್ತದೆಂದು ಅವರಿಗೆ ಇಷ್ಟು ವರ್ಷ ಗೊತ್ತಿರಲಿಲ್ಲ. ಅಳು ಬಂತು, ಅತ್ತರು.

ಫೋನು ಬಂತು. ಸ್ಪಂದನಾ ಮಾಡಿದ್ದಳು. “ಅಮ್ಮಾ, ಇಳಿಸ್ತಿದ್ದಾರೆ.”

ಜಯಲಕ್ಷ್ಮಮ್ಮ ಎದ್ದರು. ಕಮಲಾಕ್ಷಮ್ಮ ದಿನಾ ನೀರು ಹಾಕುತ್ತಿದ್ದ ದೊಡ್ಡಪತ್ರೆಯ ಕುಂಡದಿಂದ ಒಂದು ಹಿಡಿ ಮಣ್ಣು ತೆಗೆದುಕೊಂಡು ಜಗಲಿಯ ಅಂಚಿಗೆ ಬಂದರು. ಹಳೇಕೋಟೆಯ ಕಡೆ ತಿರುಗಿ ಎರಚಿದರು. ಮಣ್ಣು ತೊಳೆದ ಮೆಟ್ಟಿಲ ಮೇಲೆ ಬಿತ್ತು.

ಒಳಗೆ, ಯಾರೂ ಇಲ್ಲದ ಕೋಣೆಯಲ್ಲಿ, ಜಗಲಿಯ ಕ್ಯಾಮೆರಾ ತೋರಿಸುತ್ತಿದ್ದ ಟಿ.ವಿ.ಯಲ್ಲಿ, ಒಬ್ಬ ಹೆಂಗಸು ಬರಿಗೈ ಚಾಚಿಕೊಂಡು ಬೀದಿಯ ಕಡೆ ನೋಡುತ್ತ ನಿಂತಿದ್ದಳು.