ಪಿಸ್ತೂಲಿಗೆ ಕುಂಕುಮ ಹಚ್ಚಿದವರು

ನನ್ನ ಪಿಸ್ತೂಲಿನ ಗುಂಡು ಶೇಂಗಾ ಕಾಳಿಗಿಂತ ಬಹಳ ದೊಡ್ಡದೇನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಐಗಳಿಯಲ್ಲಿ ಅದನ್ನು ನೋಡಿದವರೆಲ್ಲ ಮೊದಲು ನಕ್ಕದ್ದು ಇದಕ್ಕೇ.

"ಇದರಲೆ ಹಂದಿ ಸಾಯ್ತೈತೇನ ಕೋಮಲಾ?" ಎಂದು ಕೇಳಿದವರಿಗೆ ನಾನು, "ಹಂದಿ ಓಡಸಾಕ ಅಪ್ಪನ ಡಬಲ್ ಬಾರ್ ಬಂದೂಕ ಐತ್ರಿ. ಇದು ಕಾಗದ ಹೊಡ್ಯಾಕ," ಎನ್ನುತ್ತಿದ್ದೆ. ಕಾಗದ ಹೊಡೆಯಲು ಪಿಸ್ತೂಲು ಬೇಕೇ ಎಂದು ಅವರು ಮತ್ತಷ್ಟು ನಗುತ್ತಿದ್ದರು. ನಗಲಿ ಬಿಡಿ. ಇಪ್ಪತ್ತೈದು ಮೀಟರ್ ದೂರದಲ್ಲಿ ನಿಲ್ಲಿಸಿದ ಕಾಗದದ ನಟ್ಟನಡುವೆ ತೂತು ಮಾಡುವುದು ನನಗೆ ಬರುತ್ತದೆ. ನನಗಿಂತ ಚೆನ್ನಾಗಿ ಮಾಡುವವರು ಜಿಲ್ಲೆಯಲ್ಲಿ ಸದ್ಯ ಯಾರೂ ಇಲ್ಲ. ಇದು ಜಂಬವಲ್ಲ, ಅಂಕಪಟ್ಟಿ ನೋಡಿದರೆ ನೀವೇ ಒಪ್ಪುತ್ತೀರಿ.

ಮೊದಲೆಲ್ಲ ಬೆಳಗಾವಿಯ ಶೂಟಿಂಗ್ ರೇಂಜಿನ ಪಿಸ್ತೂಲಿನಿಂದಲೇ ಹೊಡೆಯುತ್ತಿದ್ದೆ. ಅದರ ಹಿಡಿಕೆ ಯಾವುದೋ ಗಂಡಸಿನ ದೊಡ್ಡ ಅಂಗೈಗೆ ಕೊರೆದದ್ದು. ನಾನು ಸೈಕಲ್ ಟ್ಯೂಬಿನ ತುಂಡು ಸುತ್ತಿ ಹೇಗೋ ಸುಧಾರಿಸಿಕೊಳ್ಳುತ್ತಿದ್ದೆ. ರಾಜ್ಯ ಮಟ್ಟದಲ್ಲಿ ಪದಕ ಬಂದ ಮೇಲೆ ನನ್ನ ಹೆಸರಿಗೇ ಲೈಸನ್ಸ್ ಸಿಕ್ಕಿತು. ಅವತ್ತು ಅಪ್ಪ ಊರಿಗೆಲ್ಲ ಪೇಢೆ ಹಂಚಿದ. "ನಮಗ ಪಿಸ್ತೂಲಿನ ಲೈಸನ್ಸ್ ಬಂತ್ರಿ!" ಎಂದು ಕಂಡಕಂಡವರಿಗೆ ಹೇಳಿದ. ಆ 'ನಮಗ' ನನ್ನ ಕಿವಿಗೆ ಚುಚ್ಚಿತು. ಆದರೂ ಪೇಢೆ ತಿಂದು ಸುಮ್ಮನಾದೆ.

ಕೊಳ್ಳಲು ಪುಣೆಗೆ ಹೋದಾಗ ಅಪ್ಪ ಬಿಳಿ ಪೈಜಾಮ, ಇಸ್ತ್ರಿ ಹಾಕಿದ ನೆಹರೂ ಶರ್ಟು ತೊಟ್ಟು ವರ ನೋಡಲು ಹೊರಟವರ ಠೀವಿಯಲ್ಲಿ ಬಂದಿದ್ದ. ರಾವಸಾಹೇಬ ಎಂಬ ಹೆಸರಿಗೆ ತಕ್ಕಂತೆ ಅಂಗಡಿಯೊಳಗೆ ಕಾಲಿಟ್ಟವನೇ, ಬೆಳ್ಳಿಯಂತೆ ಹೊಳೆಯುವ ಒಂದು ಭಾರದ ಪಿಸ್ತೂಲಿಗೆ ಬೆರಳು ತೋರಿಸಿದ.

"ಇದನ್ನ ತಗೋ. ನಡಕ್ಕ ಕಟ್ಟಿದ್ರ ನಾಕ ಮಂದಿ ನೋಡ್ಬೇಕ."

"ನಡಕ್ಕ ಕಟ್ಟಾಕ ಅಲ್ಲಪಾ, ಕೈಯಾಗ ಹಿಡ್ಯಾಕ," ಎಂದೆ.

ನಾನು ಆರಿಸಿದ್ದು ಕಪ್ಪಗಿನ, ನೋಡಲು ಏನೂ ಅಲ್ಲದ, ಜರ್ಮನಿಯಲ್ಲಿ ತಯಾರಾದ ಪಾಯಿಂಟ್ ಟೂಟೂ ಪಿಸ್ತೂಲು. ಅದರ ಅಕ್ರೋಟು ಕಟ್ಟಿಗೆಯ ಹಿಡಿಕೆಯನ್ನು ಹಿಡಿದು, ಕಣ್ಣು ಮುಚ್ಚಿ ತೋಳು ಎತ್ತಿ, ಕಣ್ಣು ತೆರೆದೆ. ಮುಂದಿನ ಗುರಿಮೊನೆ ಹಿಂದಿನ ಸೀಳಿನ ನಡುವೆ ತಾನಾಗಿಯೇ ಬಂದು ನಿಂತಿತ್ತು. ಒಳ್ಳೆಯ ಪಿಸ್ತೂಲನ್ನು ಗುರುತಿಸುವುದು ಹೀಗೆ. ಹೊಳಪಲ್ಲ, ತೂಕವಲ್ಲ, ಕಣ್ಣು ಮುಚ್ಚಿ ಎತ್ತಿದರೂ ಅದು ನೇರ ನೋಡಬೇಕು. ಅಂಗಡಿಯವನು ಡಮ್ಮಿ ಗುಂಡು ಹಾಕಿಕೊಟ್ಟ ಮೇಲೆ ಎಳೆದರೆ, ಟ್ರಿಗರ್ ಬೆಣ್ಣೆಯಲ್ಲಿ ಚಾಕು ಇಳಿದಂತೆ ಹಿಂದೆ ಬಂತು. ಅಂಗಡಿಯವನು ನನ್ನ ಮುಖ ನೋಡಿ, ಉಳಿದವನ್ನು ಪೆಟ್ಟಿಗೆಗೆ ತುಂಬತೊಡಗಿದ. ನನಗೆ ಅವತ್ತು ಆದಷ್ಟು ಸಂತೋಷ ಪದಕ ಬಂದಾಗಲೂ ಆಗಿರಲಿಲ್ಲ.

ಮನೆಗೆ ಬಂದ ಮೇಲೆ ಶುರುವಾಯಿತು ನೋಡಿ ರಗಳೆ. ಬಂದ ಬೀಗರಿಗೆ, ದ್ರಾಕ್ಷಿ ವ್ಯಾಪಾರಿಗಳಿಗೆ ಅಪ್ಪನಿಗೆ ಪಿಸ್ತೂಲು ತೋರಿಸಲೇಬೇಕು. ತೋರಿಸಿದರೆ ಸಾಲದು, ಗುಂಡಿಲ್ಲದ ಪಿಸ್ತೂಲಿನ ಟ್ರಿಗರನ್ನು ಟಕ್ ಟಕ್ ಎನ್ನಿಸಲೂ ಬೇಕು. ಈ ಜಾತಿಯ ಪಿಸ್ತೂಲಿನಲ್ಲಿ ಟ್ರಿಗರ್ ಎಳೆದಾಗ ಒಳಗಿನ ಮೊಳೆ ಬಡಿಯುವುದು ಗುಂಡಿನ ನಡುವಿಗಲ್ಲ, ಅದರ ಅಂಚಿಗೆ. ಗುಂಡಿಲ್ಲದಿದ್ದರೆ ಅದು ನೇರ ಉಕ್ಕಿಗೇ ಬಡಿದು ಎರಡೂ ಹಾಳಾಗುತ್ತವೆ. ಒಂದು ಸಲ ವ್ಯಾಪಾರಿಯ ಎದುರಿಗೇ ಅಪ್ಪನ ಕೈಯಿಂದ ಕಸಿದುಕೊಂಡೆ. "ನನ್ನ ಪಿಸ್ತೂಲ ನಾ ಮುಟ್ಟಬಾರದಾ?" ಎಂದು ಅಪ್ಪ ಕೆಂಪಾದ. ಅದು ಅವನದಲ್ಲ ಎಂದು ಹೇಳಲು ಬಾಯಿ ತೆರೆದೆ, ಅವ್ವ ಕಣ್ಣಿನಲ್ಲೇ ತಡೆದಳು. ಅವತ್ತಿನಿಂದ ಪೆಟ್ಟಿಗೆಗೆ ಬೀಗ ಹಾಕಿ ಕೀಲಿ ನಾನೇ ಇಟ್ಟುಕೊಂಡೆ.

ಹೀಗಿರುವಾಗ ದಸರೆ ಬಂತು. ಕೊಲ್ಹಾಪುರದಲ್ಲಿ ಮುಕ್ತ ಸ್ಪರ್ಧೆಯಿತ್ತು, ನನ್ನ ಸ್ವಂತ ಪಿಸ್ತೂಲಿನಿಂದ ಮೊದಲ ದೊಡ್ಡ ಸ್ಪರ್ಧೆ. ವಿಜಯದಶಮಿಯ ಮಧ್ಯಾಹ್ನ ಆಯುಧಗಳ ತಪಾಸಣೆ. ಅದಕ್ಕೆ ಹೋಗದಿದ್ದರೆ ಮರುದಿನ ಹೊಡೆಯಲು ಬಿಡುವುದಿಲ್ಲ.

ಅದರ ಹಿಂದಿನ ದಿನ ಖಂಡೇನವಮಿ. ನಮ್ಮ ಮನೆಯಲ್ಲಿ ಅವತ್ತು ಎಲ್ಲ ಹತಾರಗಳಿಗೂ ಪೂಜೆ. ದೇವರ ಮುಂದೆ ಕುಡುಗೋಲು, ಅಪ್ಪನ ಬಂದೂಕು, ದ್ರಾಕ್ಷಿ ಕತ್ತರಿಸುವ ಕತ್ತರಿ, ನಾವೆಲ್ಲ ಆಯಿ ಎನ್ನುವ ನನ್ನ ಅಜ್ಜಿ ಗೌರಾಬಾಯಿಯ ಈಳಿಗೆಮಣೆ, ಹೊರಗೆ ಟ್ರ್ಯಾಕ್ಟರ್. ಯಾರ ಹತಾರವೋ ಅವರೇ ಅದಕ್ಕೆ ಕುಂಕುಮ ಹಚ್ಚಬೇಕು. ಕುಂಕುಮ ಬಿದ್ದ ಮೇಲೆ ಅದು ದೇವರದು, ದಶಮಿಯ ಸಂಜೆ ಬನ್ನಿ ಮುಡಿಯುವ ತನಕ ಯಾರೂ ಎತ್ತುವಂತಿಲ್ಲ. ಹಾಗಾಗಿ ಕುಂಕುಮ ಹಚ್ಚದೆ, ಬರೀ ಆರತಿ ಬೆಳಗಿ ಪಿಸ್ತೂಲು ಎತ್ತಿಕೊಳ್ಳುವುದು ನನ್ನ ಲೆಕ್ಕವಾಗಿತ್ತು. ಮ್ಯಾಗಜಿನ್ ತೆಗೆದು, ಖಾಲಿ ಇದೆಯೆಂದು ನೋಡಿ, ಬಾಳೆ ಎಲೆಯ ಮೇಲೆ ಇಟ್ಟೆ. ಆರತಿ ತಟ್ಟೆ ತರಲು ತಿರುಗಿದ್ದೇ ತಡ, ಅಪ್ಪ ಬಂದೂಕಿಗೆ ಹಚ್ಚಿದ ಬೆರಳಿನಿಂದಲೇ ನನ್ನ ಪಿಸ್ತೂಲಿಗೂ ಉದ್ದಕ್ಕೆ ಕುಂಕುಮ ಎಳೆದುಬಿಟ್ಟ.

ಹಬ್ಬದ ದಿನವೆಂದು ಹಲ್ಲು ಕಚ್ಚಿಕೊಂಡೆ. ರಾತ್ರಿಗೆ ದೇವರ ಕೋಣೆಗೆ ಬೀಗ ಹಾಕಿದೆ. ಬೆಳಿಗ್ಗೆ ಆಯಿಯ ಜಪಕ್ಕೆ ಬಾಗಿಲು ತೆಗೆದುಕೊಟ್ಟು, ಬ್ಯಾಗು ಹಿಡಿದು ಮತ್ತೆ ಅಲ್ಲಿಗೆ ಹೋದರೆ, ಅಪ್ಪ ಬಾಗಿಲಲ್ಲಿ ಅಡ್ಡ ನಿಂತಿದ್ದ.

"ಸಂಜೀ ತನಕ ಮುಟ್ಟಂಗಿಲ್ಲ. ಬನ್ನಿ ಗಿಡದ ಹಂತೇಕ ಒಂದ ಗುಂಡ ಮ್ಯಾಲ ಹಾರಿಸಿ ಆಮ್ಯಾಲ ಒಯ್ಯಿ. ನಮ್ಮ ದೋಸ್ತ ಸಂಭಾಜಿಗಿ ಮಾತ ಕೊಟ್ಟೀನಿ. ಊರ ಮಂದಿ ಎಲ್ಲಾ ಕಾಯಾಕತ್ತಾರ."

"ಗಾಳ್ಯಾಗ ಗುಂಡ ಹಾರಿಸಿದ್ರ ಲೈಸನ್ಸ್ ಹೋಗ್ತೈತಪಾ! ಕೇಸ ಆಗ್ತೈತಿ. ಆಮ್ಯಾಲ ಜನ್ಮದಾಗ ನಾ ಪಿಸ್ತೂಲ ಹಿಡ್ಯಾಂಗಿಲ್ಲ."

"ಐಗಳ್ಯಾಗ ಯಾವ ಪೊಲೀಸ ಬರ್ತಾನಲೇ? ನನ್ನ ಮನಿ ಪಿಸ್ತೂಲ, ನನ್ನ ಮಾತ."

ನನಗೆ ತಲೆ ಬಿಸಿಯಾಯಿತು. ಎತ್ತಿಕೊಂಡು ನಡೆದುಬಿಡಬಹುದಿತ್ತು, ಅಪ್ಪ ನನ್ನ ಕೈ ಹಿಡಿಯುತ್ತಿರಲಿಲ್ಲ. ಆದರೆ ಒಳಗೆ ಆಯಿ ಜಪಕ್ಕೆ ಕೂತಿದ್ದಳು. ದೇವರ ಹತಾರ ಎತ್ತಿದೆನೆಂದು ಆಕೆ ನೊಂದುಕೊಂಡರೆ ನನ್ನ ಕೈ ಸ್ಪರ್ಧೆಯಲ್ಲಿ ನಿಲ್ಲುವುದಿಲ್ಲವೆಂದು ನನಗೆ ಗೊತ್ತಿತ್ತು.

ಆಯಿ ಜಪದ ಸರ ಕೆಳಗಿಟ್ಟಳು. "ರಾವಸಾಹೇಬಾ, ಟ್ರ್ಯಾಕ್ಟರಿಗೆ ಕುಂಕುಮ ಯಾರ ಹಚ್ಚಿದ್ರೋ?"

"ಭರತ," ಎಂದ ಅಪ್ಪ. ಭರತ ನನ್ನ ತಮ್ಮ, ಟ್ರ್ಯಾಕ್ಟರ್ ಓಡಿಸುವವನು.

"ಕತ್ತರಿಗೆ?"

"ಜ್ಞಾನದೇವ. ತ್ವಾಟದಾಗ ಅದನ್ನ ಹಿಡ್ಯಾಂವ ಅವನ ಅಲ್ಲಾ?"

"ನನ್ನ ಈಳಿಗಿಗೆ?"

"ನೀನ ಹಚ್ಚೀಯಲ್ಲ ಬೇ. ಏನ ಕೇಳಾಕತ್ತೀ?"

"ಪಿಸ್ತೂಲಿಗೆ?"

"ನಾ ಹಚ್ಚೀನಿ. ಮನೀ ಹಿರ್ಯಾ ನಾನು."

"ಲೈಸನ್ಸ್ ನಿನ್ನ ಹೆಸರಿಲೆ ಐತೇನು? ಕಾಗದ ನೀ ಹೊಡಿತೀಯೇನು?" ಆಯಿಯ ದನಿ ಏರಲಿಲ್ಲ. "ನಿಮ್ಮಪ್ಪ ಇದ್ದಾಗ ಅವರ ಬಂದೂಕಿಗೆ ಕುಂಕುಮ ಹಚ್ಚಾಕ ಹೋಗಿ ಕಪಾಳಕ್ಕ ತಿಂದಿದ್ದಿ. ಮೂಲ್ಯಾಗ ಕುಂತ ಅತ್ತಿದ್ದಿ. ನೆನಪೈತಿಲ್ಲ? ಮತ್ತೊಬ್ಬರ ಹತಾರಕ್ಕ ಹಚ್ಚಿದ್ದು ಪೂಜಿ ಅಲ್ಲ, ಬರೇ ಬಣ್ಣ. ಇದರ ಪೂಜಿ ಆಗಿಲ್ಲ. ಎತ್ತಕೋ ಕೋಮಲಾ."

ಅಪ್ಪ ಬಾಗಿಲು ಬಿಟ್ಟು ಸರಿದ. ಅವನ ಮುಖ ಸಣ್ಣದಾದದ್ದು ನೋಡಿ ನನ್ನ ಸಿಟ್ಟು ಅರ್ಧ ಇಳಿಯಿತು. ನಾನು ಪಿಸ್ತೂಲು ಎತ್ತಿಕೊಂಡು, ನಳಿಗೆಯ ಬಾಯಿಗೆ ಮೆತ್ತಿದ್ದ ಕುಂಕುಮವನ್ನು ಮೆತ್ತನೆಯ ಬಟ್ಟೆಯಿಂದ ಒರೆಸತೊಡಗಿದೆ.

"ನಾನೂ ಹಚ್ಚಲೇನ ಆಯಿ, ಒಂದೀಟು?"

"ಬ್ಯಾಡ. ಹೊಡದ ಬಾ, ಆಮ್ಯಾಲ ಹಚ್ಚು. ದಶಮಿ ದಿನಾ ಸೀಮಿ ದಾಟಾಕ ಬೇಕು. ಇವರೆಲ್ಲಾ ಬನ್ನಿ ಗಿಡದ ತನಕ ಹೋಗಿ ದಾಟಿದ್ವಿ ಅಂತಾರ. ನೀ ಖರೇನ ದಾಟಾಕಿ."

ಭರತನನ್ನು ಕರೆಯಲು ಅಂಗಳಕ್ಕೆ ಬಂದರೆ, ಬೊಲೆರೊದಲ್ಲಿ ಅಪ್ಪನೇ ಕೂತಿದ್ದ. ಸಂಭಾಜಿ ಕಾಕಾನ ಫೋನು ಬಂದಿತ್ತು. "ಪಿಸ್ತೂಲ ಇಲ್ಲೋ ಮಾರಾಯ. ಪಟಾಕಿ ಸರಾ ತಂದ ಹಚ್ಚ್ರಿ," ಎಂದು ಹೇಳಿ ಅಪ್ಪ ಇಟ್ಟುಬಿಟ್ಟ. ನನ್ನ ಕಡೆ ನೋಡದೆ, "ಹತ್ತ," ಎಂದ.

ಅಥಣಿ ದಾಟಿದೆವು. ದಾರಿಯುದ್ದಕ್ಕೂ ಚೆಂಡುಹೂ ಕಟ್ಟಿದ ಗಾಡಿಗಳು. ಅಪ್ಪ ಸಿಟ್ಟಿನಿಂದ ಬಂದಿದ್ದಾನೋ ಮನಸ್ಸಿನಿಂದ ಬಂದಿದ್ದಾನೋ ನನಗೆ ತಿಳಿಯಲಿಲ್ಲ. ಕೇಳುವ ಧೈರ್ಯವೂ ಆಗಲಿಲ್ಲ. ಗುರಿ ಹಿಡಿಯುವ ಧೈರ್ಯವೇ ಬೇರೆ, ಇದೇ ಬೇರೆ.

ಕಾಗವಾಡದಲ್ಲಿ, ಮಹಾರಾಷ್ಟ್ರ ಶುರುವಾಗುವ ಸ್ವಲ್ಪ ಮೊದಲು, ಪೊಲೀಸರು ಗಾಡಿ ತಡೆದರು. ಪೆಟ್ಟಿಗೆ ತೆಗೆಸಿ ನೋಡಿದ ಪೊಲೀಸಿನವನು ನೆಟ್ಟಗಾದ. ನೇರವಾಗಿ ಅಪ್ಪನ ಕಿಟಕಿಗೆ ಹೋಗಿ, "ಯಜಮಾನ್ರ, ಪಿಸ್ತೂಲ ನಿಮ್ದೇನ್ರಿ?" ಎಂದು ಕೇಳಿದ.

ಅಪ್ಪನ ಎರಡೂ ಕೈ ಸ್ಟೇರಿಂಗಿನ ಮೇಲಿದ್ದವು. ಊರಿಗೆಲ್ಲ ಪೇಢೆ ಹಂಚಿ 'ನಮಗ' ಎಂದವನು, ವ್ಯಾಪಾರಿಯ ಮುಂದೆ 'ನನ್ನ' ಎಂದವನು.

"ನಂದಲ್ರಿ," ಎಂದ ಅಪ್ಪ. "ನನ್ನ ಮಗಳದು. ಆಕಿನ್ನ ಕೇಳ್ರಿ."

ಪೊಲೀಸಿನವನು ಸುತ್ತಿ ನನ್ನ ಕಡೆ ಬಂದ. ನಾನು ಲೈಸನ್ಸ್ ಕೊಟ್ಟೆ. ಅದರಲ್ಲಿ ಇಡೀ ದೇಶಕ್ಕೆ ಅನುಮತಿಯಿತ್ತು, ಅವನು ಎರಡು ಸಲ ಓದಿದ. ಆಮೇಲೆ ಗುಂಡಿನ ಡಬ್ಬಿಯಿಂದ ಒಂದನ್ನು ಬೆರಳಲ್ಲಿ ಹಿಡಿದು ನಕ್ಕ. "ಇಷ್ಟ ಸಣ್ಣ ಗುಂಡಾ? ಇದರಲೆ ಏನ ಹೊಡಿತೀರಿ ಬಾಯಾರ?"

ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಗುಡುಗಿದ.

"ನಗಬ್ಯಾಡ್ರಿ ಸಾಹೇಬ್ರ! ಕಾಗದ ಹೊಡ್ಯಾಕ ಅಷ್ಟ ಸಾಕ. ನಡೂ ಮಧ್ಯಕ್ಕ ಹೊಡಿತಾಳ ನನ್ನ ಮಗಳು. ಲಗೂ ಬಿಡ್ರಿ, ಆಕಿಗಿ ತಡಾ ಆಗಾಕತ್ತೈತಿ."

ನನಗೆ ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲು ಹೋಗಲಿಲ್ಲ. ಗುಂಡು ಎಣಿಸಿ ಡಬ್ಬಿಗೆ ಹಾಕಿ, ಪೆಟ್ಟಿಗೆಗೆ ಬೀಗ ಹಾಕಿದೆ. ಪೊಲೀಸಿನವನು ಅಡ್ಡಗಂಬ ಎತ್ತಿದ, ಅಪ್ಪ ಗಾಡಿ ಬಿಟ್ಟ.