ಚೌಕದ ಕುಣಿ

ಮಾಘದ ಚಳಿ ಇನ್ನೂ ಬಿಟ್ಟಿರಲಿಲ್ಲ. ಸೋಮವಾರ ಕೋಳಿ ಕೂಗುವಾಗ ಮುರಗೆಪ್ಪನ ಜೀವ ಹೋಗಿತ್ತು. ರಬಕವಿಯ ರುದ್ರಭೂಮಿಯಲ್ಲಿ ನಾಲ್ಕು ಏಟು ಅಗೆದಿದ್ದ ಗೆಳೆಯ ಗೂಳಪ್ಪ ಏನೋ ನೆನಪಾಗಿ, ಗುದ್ದಲಿ ಹೆಗಲಿಗೇರಿಸಿ ಮುರಗೆಪ್ಪನ ಮನೆಗೆ ಓಡಿ ಬಂದ.

"ತಂಗೆವ್ವಾ, ಕುಣಿ ಚೌಕ ತೋಡ್ಲೋ, ಉದ್ದ ತೋಡ್ಲೋ?"

ಅಳುತ್ತಿದ್ದ ಹೆಂಗಸರು ಹೆಣದ ಕಾಲಿನತ್ತ ನೋಡಿದರು. ಕೇಳಿದ್ದು ತಪ್ಪಲ್ಲ. ಲಿಂಗಾಯತರನ್ನು ಕಾಲು ಮಡಚಿ ಕೂರಿಸಿಯೇ ಮಣ್ಣು ಕೊಡಬೇಕು. ಮುರಗೆಪ್ಪನ ಬಲಗಾಲು ನೋಡಿದರೆ ಆರು ವರ್ಷದಿಂದ ಒನಕೆಯ ಹಾಗೆ ನೆಟ್ಟಗೆ. ಅವನು ಮಗ್ಗ ಬಿಟ್ಟು ನೂಲಿನ ಕಂಡಿಕೆ ಸುತ್ತುತ್ತಿದ್ದ. ಚಹಾದಂಗಡಿಯ ಬಾಕಿನ ಮೇಲೆ ಅವನು ಕಾಲು ಚಾಚಿದನೆಂದರೆ ಗೂಳಪ್ಪ ತುದಿಗೆ ಸರಿದು ಅರ್ಧ ಕುಂಡಿಯ ಮೇಲೆ ಕೂರುತ್ತಿದ್ದ.

"ಚೌಕನ ತೋಡಪಾ," ಎಂದಳು ಹೆಂಡತಿ ತಂಗೆವ್ವ. "ಕುಂಡ್ರತಾರ."

ಮುರಗೆಪ್ಪನ ಅಕ್ಕ ಶಿವವ್ವ ಮಾತ್ರ, ಯಾವುದಕ್ಕೂ ಒಂದು ಮೊಳ ಉದ್ದವೇ ಇರಲಿ ಎಂದು ಗೂಳಪ್ಪನಿಗೆ ಪಿಸುಗುಟ್ಟಿದಳು.

*

ಆರು ವರ್ಷದ ಹಿಂದೆ, ಸಂಸ್ಥಾನ ಮುಂಬಯಿ ಸರಕಾರಕ್ಕೆ ಸೇರಿದ ವರ್ಷ, ಮುರಗೆಪ್ಪ ನೇಯುವವರು ಕಾಲು ಇಳಿಬಿಟ್ಟು ಕೂರುವ ಮಗ್ಗದ ಕುಣಿಗೆ ಬಿದ್ದು ಮೊಣಕಾಲ ಚಿಪ್ಪು ಒಡೆದುಕೊಂಡ. ಮಿರಜಿನ ದವಾಖಾನೆಗೆ ತಂಗೆವ್ವನ ಜೊತೆಗೆ ಹೋದವನು ಗೂಳಪ್ಪನೇ. ಡಾಕ್ಟರು ಕೊಯ್ದು ಚಿಪ್ಪು ಕೂಡಿಸಿದರು. ಹೊಲಿಗೆ ಬಿಚ್ಚಿದ ಮೇಲೆ ಒಬ್ಬ ನರ್ಸಬಾಯಿ ಬಂದು ಕಾಲು ಹಿಡಿದು ಮಡಚತೊಡಗಿದಳು. ಮುರಗೆಪ್ಪ ಚೀರಿದ ಚೀರಿಗೆ ಯಾರೋ ತೀರಿಕೊಂಡರೆಂದು ಪಕ್ಕದ ಖೋಲಿಯವರು ಅಳಲು ಶುರುವಿಟ್ಟರು.

"ಕೊಯ್ಯೂದು ಡಾಕ್ಟರ್ ಕೆಲಸ, ಅದು ಆತು. ಮಡಚೂದು ನಿಮ್ಮ ಕೆಲಸ," ಎಂದಳು ನರ್ಸಬಾಯಿ. ದಿನಾ ಇಪ್ಪತ್ತು ಸಲ, ಒಂದೂ ಕಡಿಮೆಯಿಲ್ಲ. ಮುರಗೆಪ್ಪ ಗೋಡೆಗೆ ಮುಖ ಮಾಡಿ ಮಲಗಿದ.

ತಂಗೆವ್ವ ಮೆಲ್ಲಗೆ ಕೇಳಿದಳು: "ಹಿಂಗ ಇದ್ರ ನಾಳಿ ನಿಮ್ಮನ್ನ ಕುಣ್ಯಾಗ ಹ್ಯಾಂಗ ಕುಂಡ್ರಸೂದ್ರಿ?"

ಅವನು ಈಚೆ ಹೊರಳಿ ಕಾಲು ಮುಂದೆ ಮಾಡಿದ.

ಊರಿಗೆ ಬಂದ ಮೇಲೂ ಕಾಲು ನೆಟ್ಟಗೇ ಇತ್ತು. ನರ್ಸಬಾಯಿಯ ಕಸರತ್ತು ನೀರಿನಲ್ಲಿ ಹೋಮವಾಯಿತೆಂದೇ ಗೂಳಪ್ಪ ತಿಳಿದಿದ್ದ.

*

ಜೀವ ಹೋದರೂ ಮುರಗೆಪ್ಪನ ಮೈ ಇನ್ನೂ ಬೆಚ್ಚಗಿತ್ತು. ತಂಗೆವ್ವ ಗಂಡನ ಮೊಣಕಾಲ ಕೆಳಗೊಂದು ಕೈ, ಹಿಮ್ಮಡಿಗೊಂದು ಕೈ ಕೊಟ್ಟು, ತುಟಿಯೊಳಗೇ "ಒಂದು" ಎಂದಳು. ಕಾಲು ಎಣ್ಣೆ ಬಿಟ್ಟ ಬಾಗಿಲಿನ ಹಾಗೆ ಮಡಚಿಕೊಂಡು, ಎಡಗಾಲ ಮೇಲೆ ಹೋಗಿ ಕೂತಿತು.

ಶಿವವ್ವ ಅಳುವುದನ್ನೇ ಮರೆತಳು.

"ಇದು ಯಾವಾಗಿಂದ?" ಎಂದ ಗೂಳಪ್ಪ.

"ಐದ ವರ್ಷ ಆತಪಾ. ದಿನಾ ಮುಂಜಾನಿ ಇಪ್ಪತ್ತು. ಹೊರಗ ಹೇಳಬ್ಯಾಡ ಅಂದಿದ್ರು. ಕಾಲು ನೆಟ್ಟಗಿದ್ರ ಮಂದಿ ಜಾಗಾ ಬಿಡ್ತಾರಂತ."

ಗೂಳಪ್ಪ ಗೆಳೆಯನ ಮುಖವನ್ನೇ ನೋಡಿದ.

"ಮಗನ, ಐದ ವರ್ಷ ನನ್ನ ಅರ್ಧ ಕುಂಡಿ ಹೊರಗ ಇತ್ತಲ್ಲೋ."

ಹೆಂಗಸರು ಸೆರಗು ಬಾಯಿಗೊತ್ತಿಕೊಂಡರು. ತಂಗೆವ್ವನೂ.

ದಾರಿಯುದ್ದಕ್ಕೂ ಬೈಯುತ್ತ ಹೋದ ಗೂಳಪ್ಪ ಮೂಲೆ ಮೂಲೆ ಅಳೆದು ಕುಣಿಯನ್ನು ಚೌಕವಾಗಿಯೇ ತೋಡಿದ.

ಮುರಗೆಪ್ಪ ಹೋದದ್ದು ಸೋಮವಾರ. ಮಂಗಳವಾರ ಚಹಾದಂಗಡಿಯ ಬಾಕು ಪೂರ್ತಿ ಖಾಲಿಯಿತ್ತು. ಗೂಳಪ್ಪ ಅದರ ತುದಿಯಲ್ಲಿ, ಅರ್ಧ ಕುಂಡಿಯ ಮೇಲೆ ಕೂತು ಚಹಾ ಆರಿಸುತ್ತಿದ್ದ.